ಎಲ್ಡರ್‌ಫ್ಲವರ್ ಬಿಯರ್: ಹೂವು ಯಾವಾಗ ಹಾಕಬೇಕು, ಕುದಿಸುವಾಗಲೋ ಕೊನೆಗೋ?

ಶರಾವತಿ_ಲೀಡ್ಸ್

ಎಲ್ಲರಿಗೂ ನಮಸ್ಕಾರ. ನನ್ನ ಊರು ಸಾಗರದ ಹತ್ತಿರ, ಈಗಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮನೆಯಲ್ಲಿ ಬಿಯರ್ ಮಾಡುವುದು ನನಗೆ ಹೊಸದಲ್ಲ. ಡಬ್ಬಿ ಕಿಟ್‌ನಿಂದ ಶುರು ಮಾಡಿದೆ, ಈಗ ಮಾಲ್ಟ್ (ಮೊಳಕೆ ಬಾರ್ಲಿ) ಎಕ್ಸ್‌ಟ್ರಾಕ್ಟ್ ಪುಡಿ ತಂದು, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂ ನಾನೇ ಕುದಿಸಿ ಮಾಡುತ್ತೇನೆ. 20 ಲೀಟರ್ ಹಿಡಿಯುವ ಫರ್ಮೆಂಟರ್ (ಬಿಯರ್ ಹುದುಗಲು ಇಡುವ ಪಾತ್ರೆ) ಇದೆ, ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಇದೆ. ಆದರೆ ಪರಿಮಳದ ಹೂವು ಹಾಕಿ ಇದುವರೆಗೆ ಮಾಡಿಲ್ಲ.

ಈ ವರ್ಷ ಮಾಡಲೇಬೇಕು ಅಂತ ಆಸೆ. ಮನೆ ಹಿಂದೆಯೇ ಲೀಡ್ಸ್-ಲಿವರ್‌ಪೂಲ್ ಕಾಲುವೆ ಇದೆ, ಅದರ ದಂಡೆಯ ಉದ್ದಕ್ಕೂ ಪರಿಮಳದ ಬಿಳಿ ಹೂ ಬಿಡುವ ಎಲ್ಡರ್ ಗಿಡಗಳು ಮೊಗ್ಗು ಬಿಟ್ಟು ನಿಂತಿವೆ. ದಾಸವಾಳದ ಹೂ ಕೊಯ್ದು ತಂದು ತಂಬುಳಿ ಮಾಡುವ ಮನೆಯಲ್ಲಿ ಬೆಳೆದವಳು ನಾನು. ಇಷ್ಟು ಹೂ ಕಣ್ಣೆದುರೇ ಅರಳಿ ಉದುರಿ ಹೋಗುವುದನ್ನು ನೋಡಿಕೊಂಡು ಸುಮ್ನೆ ಇರುವುದಕ್ಕೆ ಆಗುವುದಿಲ್ಲ.

ಗೊಂದಲ ಏನಂದರೆ, ನಾನು ಓದಿದ ಒಂದು ವಿಧಾನದಲ್ಲಿ ವರ್ಟ್ (ಯೀಸ್ಟ್ ಹಾಕುವ ಮುಂಚಿನ ಮಾಲ್ಟ್‌ನ ಸಿಹಿ ನೀರು) ಕುದಿಯುವ ಕೊನೆಯ ಹತ್ತು ನಿಮಿಷದಲ್ಲಿ ಹೂ ಹಾಕಿ ಅಂತಿದೆ. ಇನ್ನೊಂದರಲ್ಲಿ ಹಸಿ ಹೂವನ್ನೇ ಬಟ್ಟೆಯಲ್ಲಿ ಕಟ್ಟಿ ನೇರವಾಗಿ ಫರ್ಮೆಂಟರ್‌ಗೆ ಇಳಿಬಿಡಿ ಅಂತಿದೆ. ಎರಡೂ ಸರಿ ಇರುವುದಕ್ಕೆ ಹೇಗೆ ಸಾಧ್ಯ? ಹಸಿ ಹೂ ಹಾಕಿದರೆ ಬಿಯರ್ ಕೆಡುವುದಿಲ್ವಾ? ತೊಳೆಯಬೇಕಾ? 20 ಲೀಟರ್‌ಗೆ ಎಷ್ಟು ಗೊಂಚಲು ಬೇಕು?

ಜೊತೆಗೆ ಒಂದು ಹೆದರಿಕೆಯೂ ಇದೆ. ಇದೇ ದಂಡೆಯಲ್ಲಿ ಬಿಳಿ ಹೂವಿನ ಬೇರೆ ಗಿಡಗಳೂ ಬೇಕಾದಷ್ಟಿವೆ. ಹೆಮ್ಲಾಕ್ ಅಂತ ವಿಷದ ಗಿಡ ಇರುತ್ತದಂತೆ. ಗುರುತು ಹಿಡಿಯುವುದು ಹೇಗೆ ಅಂತ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ. ಕಾಲುವೆ ಬದಿಯ ಹೂ ಕೊಯ್ದರೆ ಕಾನೂನಿನ ತೊಂದರೆ ಏನಾದರೂ ಇದೆಯಾ ಅಂತಲೂ ತಿಳಿಸಿ.

ಹಾಪ್ಸ್_ಪ್ರಿಯ (ಬ್ರಿಸ್ಟಲ್)

ಕುದಿಸಬೇಡಿ ಮೇಡಂ. ಉಳಿದಿದ್ದೆಲ್ಲ ಆಮೇಲೆ, ಮೊದಲು ಇದೊಂದನ್ನು ಗಟ್ಟಿ ಮಾಡಿಕೊಳ್ಳಿ.

ಎಲ್ಡರ್ ಹೂವಿನಿಂದ ನಮಗೆ ಬೇಕಾಗಿರುವುದು ಪರಿಮಳ ಮಾತ್ರ. ಸಕ್ಕರೆ ಮಾಲ್ಟ್‌ನಿಂದ ಬರುತ್ತದೆ, ಕಹಿ ಹಾಪ್ಸ್‌ನಿಂದ ಬರುತ್ತದೆ. ಆ ಪರಿಮಳ ಕೊಡುವ ಅಂಶಗಳು ಬಲು ಬೇಗ ಹಾರಿಹೋಗುವಂಥವು. ಕುದಿಯುವ ವರ್ಟ್‌ಗೆ ಹಾಕಿದರೆ ಅಡುಗೆಮನೆಯೆಲ್ಲ ಘಮ ಅನ್ನುತ್ತದೆ, ಅಂದರೆ ಅಷ್ಟೂ ಪರಿಮಳ ಪಾತ್ರೆಯಿಂದ ಹೊರಗೆ ಹೋಯಿತು ಅಂತಲೇ ಅರ್ಥ. ಉಳಿಯುವುದು ಸ್ವಲ್ಪ ಒಗರು, ಸ್ವಲ್ಪ ಹಸಿ ಹುಲ್ಲಿನ ರುಚಿ. ಕುದಿಸದೆ, ಆದರೆ ಯೀಸ್ಟ್ ಹಾಕುವ ದಿನವೇ ಹೂವನ್ನೂ ಹಾಕಿದರೆ? ಆಗಲೂ ನಷ್ಟವೇ. ಯೀಸ್ಟ್ ಜೋರಾಗಿ ಕೆಲಸ ಮಾಡುವ ಮೊದಲ ದಿನಗಳಲ್ಲಿ ಏರ್‌ಲಾಕ್‌ನಿಂದ (ಒಳಗಿನ ಗ್ಯಾಸನ್ನು ಹೊರಗೆ ಮಾತ್ರ ಬಿಡುವ ಮುಚ್ಚಳದ ಕೊಳವೆ) ಗುಳುಗುಳು ಅಂತ ಬರುವ ಗಾಳಿ ಪರಿಮಳವನ್ನೂ ಹೊತ್ತುಕೊಂಡು ಹೋಗುತ್ತದೆ.

ಹಾಗಾಗಿ ಕಾಯಿರಿ. ಯೀಸ್ಟ್ ಕೆಲಸ ಹೆಚ್ಚುಕಮ್ಮಿ ಮುಗಿಯಲಿ, ಹೈಡ್ರೋಮೀಟರ್ 1.012ರ ಆಸುಪಾಸಿಗೆ ಇಳಿಯಲಿ. ಹೂ ಹಾಕುವುದು ಆಗ.

ಕೆಡುವ ಪ್ರಶ್ನೆಗೂ ಇದೇ ಉತ್ತರ. ಸಿಹಿ ವರ್ಟ್‌ನಲ್ಲಿ ಯಾವ ಸೂಕ್ಷ್ಮಜೀವಿ ಬೇಕಾದರೂ ಬೆಳೆಯುತ್ತದೆ. ಯೀಸ್ಟ್ ಮುಗಿಸಿದ ಬಿಯರ್ ಹಾಗಲ್ಲ. ಅಲ್ಲಿ ಆಲ್ಕೋಹಾಲ್ ಇದೆ, ಹುಳಿ ಅಂಶ ಇದೆ, ಹಾಪ್ಸ್ ಇದೆ, ಸಕ್ಕರೆ ಹೆಚ್ಚು ಉಳಿದಿಲ್ಲ. ಹೂವಿನ ಮೇಲಿನ ಕಾಡು ಯೀಸ್ಟ್‌ಗೆ, ಬ್ಯಾಕ್ಟೀರಿಯಾಕ್ಕೆ ಅಲ್ಲಿ ತಳವೂರುವುದು ಕಷ್ಟ. ಕಷ್ಟ ಅಂದೆ, ಆಗುವುದೇ ಇಲ್ಲ ಅನ್ನಲಿಲ್ಲ. ಅದಕ್ಕೇ ನಾನು ಹಸಿ ಹೂ ನೇರವಾಗಿ ಹಾಕುವುದಿಲ್ಲ, ಕಷಾಯ ಮಾಡಿ ಹಾಕುತ್ತೇನೆ.

ಹೇಗೆ ಅಂದರೆ, ಚೆನ್ನಾಗಿ ಅರಳಿದ ದೊಡ್ಡ ಗೊಂಚಲು 20ರಿಂದ 25 ತೆಗೆದುಕೊಳ್ಳಿ. ತೊಟ್ಟಿನಿಂದ ಹೂ ಬಿಡಿಸಿದರೆ ಸುಮಾರು 100 ಗ್ರಾಂ ಸಿಗುತ್ತದೆ. ಫೋರ್ಕ್‌ನಿಂದ ಬಾಚಿದರೆ ಬೇಗ ಆಗುತ್ತದೆ. ಒಂದು ಲೀಟರ್ ನೀರು ಕುದಿಸಿ, 80 ಡಿಗ್ರಿಗೆ ಇಳಿದ ಮೇಲೆ ಹೂವಿನ ಮೇಲೆ ಸುರಿದು ತಕ್ಷಣ ಬಿಗಿಯಾಗಿ ಮುಚ್ಚಿ. ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಅರ್ಧ ಗಂಟೆ ಬಿಟ್ಟು, ಪಾತ್ರೆಯನ್ನು ತಣ್ಣೀರಲ್ಲಿ ಇಟ್ಟು ಆರಿಸಿ, ಸ್ಯಾನಿಟೈಸ್ ಮಾಡಿದ ಬಟ್ಟೆಯಲ್ಲಿ ಸೋಸಿ, ನಿಧಾನಕ್ಕೆ ಫರ್ಮೆಂಟರ್‌ಗೆ ಇಳಿಸಿ. ಮೇಲಿಂದ ಧಾರೆಯಾಗಿ ಸುರಿದರೆ ಗಾಳಿ ಸೇರಿ ಬಿಯರ್ ಹಳಸಲು ರುಚಿಗೆ ತಿರುಗುತ್ತದೆ.

ಮಾಲ್ಟ್ ವಿಷಯ: ತಿಳಿ ಬಣ್ಣದ ಎಕ್ಸ್‌ಟ್ರಾಕ್ಟ್ ಪುಡಿ ಎರಡೂವರೆ ಕೆಜಿ ಹಾಕಿದರೆ 20 ಲೀಟರ್‌ಗೆ ಶುರುವಿನಲ್ಲಿ ಹೈಡ್ರೋಮೀಟರ್ 1.046ರ ಹತ್ತಿರ ತೋರಿಸುತ್ತದೆ. 1.010ಕ್ಕೆ ನಿಂತರೆ ಶೇಕಡಾ 4.7ರಷ್ಟು ಆಲ್ಕೋಹಾಲ್. ಪೂರ್ತಿ ಕಾಳಿನಿಂದ ಮಾಡುವವರಾದರೆ ಮಾರಿಸ್ ಆಟರ್ ಬಾರ್ಲಿ ಮಾಲ್ಟ್ 3 ಕೆಜಿ, ಗೋಧಿ ಮಾಲ್ಟ್ 1 ಕೆಜಿ. ಹಾಪ್ಸ್ ಕಡಿಮೆ ಇರಲಿ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 35 ಗ್ರಾಂ ಒಂದು ಗಂಟೆ ಕುದಿಸಿದರೆ ಸಾಕು. ಹಾಪ್ಸ್‌ದೂ ಪರಿಮಳ ಬೇಕು ಅನ್ನಿಸಿದರೆ ನೆಲ್ಸನ್ ಸೋವಿನ್ ಸ್ವಲ್ಪ ಕೊನೆಯಲ್ಲಿ ಹಾಕಬಹುದು, ಅದರ ಬಿಳಿ ದ್ರಾಕ್ಷಿಯ ವಾಸನೆ ಎಲ್ಡರ್ ಜೊತೆ ಚೆನ್ನಾಗಿ ಹೊಂದುತ್ತದೆ. ಯೀಸ್ಟ್ ಮಾತ್ರ ಯುಎಸ್-05 ತರಹದ್ದು ಇರಲಿ, ತನ್ನದೇ ವಾಸನೆ ಬಿಡದಂಥದ್ದು. ಜರ್ಮನಿಯ ಗೋಧಿ ಬಿಯರ್ ಯೀಸ್ಟ್ ಹಾಕಿದರೆ ಬಾಳೆಹಣ್ಣಿನ ವಾಸನೆ ಎದ್ದು ಹೂವನ್ನು ಪೂರಾ ಮುಚ್ಚಿಬಿಡುತ್ತದೆ.

ಬೆಳಗಿನ_ನಡಿಗೆ (ಶೆಫೀಲ್ಡ್)

ನಾನು ಬಿಯರ್ ಮಾಡುವುದಿಲ್ಲ. ಆದರೆ ಈ ಗಿಡಗಳ ಜೊತೆ ಒಡನಾಟ ಹಳೆಯದು, ಎಲ್ಡರ್ ಹೂವಿನ ಶರಬತ್ತು ಪ್ರತಿ ವರ್ಷ ಮಾಡುತ್ತೇನೆ. ಅದಕ್ಕೇ ಗುರುತಿನ ವಿಷಯ ನಾನು ಹೇಳುತ್ತೇನೆ. ಹೂವನ್ನಷ್ಟೇ ನೋಡಿ ಕೊಯ್ಯಬೇಡಿ ಅಕ್ಕ, ಇಡೀ ಗಿಡ ನೋಡಿ.

ಎಲ್ಡರ್ ಅಂದರೆ ಪೊದೆ ಅಥವಾ ಚಿಕ್ಕ ಮರ. ಕಟ್ಟಿಗೆಯ ಕಾಂಡ ಇರುತ್ತದೆ, ಹಳೆಯ ಕಾಂಡದ ತೊಗಟೆ ಬೂದು ಬಣ್ಣ, ಬಿರುಕು ಬಿರುಕಾಗಿ ಬೆಂಡಿನಂತೆ ಇರುತ್ತದೆ. ಎಲೆಗಳು ಕಡ್ಡಿಯ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತವೆ. ಒಂದೊಂದು ಎಲೆಯಲ್ಲೂ ಸಾಮಾನ್ಯವಾಗಿ ಐದು ಅಥವಾ ಏಳು ಕಿರು ಎಲೆಗಳು, ಅದರಲ್ಲಿ ಒಂದು ತುದಿಗೆ. ಎಲೆ ಉಜ್ಜಿದರೆ ಕೆಟ್ಟ ವಾಸನೆ. ಹೂವು ಕೆನೆ ಬಣ್ಣ, ಐದು ದಳ, ಹಳದಿ ಕೇಸರ, ತಟ್ಟೆ ಹಾಗೆ ಅಗಲವಾದ ಗೊಂಚಲು.

ಹೆಮ್ಲಾಕ್ ಮರವೂ ಅಲ್ಲ, ಪೊದೆಯೂ ಅಲ್ಲ. ಅದು ಕೊತ್ತಂಬರಿ, ಕ್ಯಾರೆಟ್ ಕುಟುಂಬಕ್ಕೇ ಸೇರಿದ ಸೊಪ್ಪಿನ ಗಿಡ, ಆದರೆ ಆಳಿಗಿಂತ ಎತ್ತರ ಬೆಳೆಯಬಲ್ಲದು. ಕಾಂಡ ಹಸಿರು, ನುಣುಪು, ಒಳಗೆ ಟೊಳ್ಳು, ಮೈಮೇಲೆ ನೇರಳೆ ಕಲೆಗಳು. ಎಲೆ ಸಣ್ಣಸಣ್ಣದಾಗಿ ಸೀಳಿಕೊಂಡಿರುತ್ತದೆ. ಸಾಕ್ರೆಟಿಸ್‌ಗೆ ಕುಡಿಸಿದ್ದು ಇದರ ವಿಷವನ್ನೇ. ಕಾಲುವೆ, ಹಳ್ಳದ ಬದಿಯ ತೇವದ ಜಾಗ ಅದಕ್ಕೆ ಇಷ್ಟ, ಎಲ್ಡರ್ ಹೂ ಬಿಡುವ ಕಾಲದಲ್ಲೇ ಅದೂ ಹೂ ಬಿಡುತ್ತದೆ. ಹಾಗಾಗಿ ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಕಟ್ಟಿಗೆಯ ಕಾಂಡ ಇಲ್ಲದ ಯಾವ ಗಿಡದಿಂದಲೂ ಬಿಳಿ ಹೂ ಕೊಯ್ಯುವುದಿಲ್ಲ ಅಂತ ನಿಯಮ ಇಟ್ಟುಕೊಳ್ಳಿ. ಎಲ್ಡರ್ ಪೊದೆಯ ಬುಡದಲ್ಲೇ ಹೆಮ್ಲಾಕ್ ಎದ್ದು ಎರಡರ ಹೂವೂ ಕಲೆತು ಕಾಣಿಸುವುದುಂಟು. ಅದಕ್ಕೆ ಗೊಂಚಲು ಮುರಿಯುವ ಮುಂಚೆ ತೊಟ್ಟಿನಿಂದ ಕೊಂಬೆಯವರೆಗೆ ಕಣ್ಣು ಹಾಯಿಸಿ. ಜೈಂಟ್ ಹಾಗ್‌ವೀಡ್ ಅಂತ ಇನ್ನೊಂದಿದೆ, ಭಾರಿ ದೊಡ್ಡ ಗಿಡ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಹತ್ತಿರವೇ ಹೋಗಬೇಡಿ.

ರೋವನ್ ಮರದ ಹೂವೂ ದೂರದಿಂದ ಹೀಗೇ ಕಾಣುತ್ತದೆ. ಅದರಲ್ಲಿ ಒಂದು ಕಡ್ಡಿಗೆ ಹತ್ತಕ್ಕಿಂತ ಜಾಸ್ತಿ ಕಿರು ಎಲೆಗಳಿರುತ್ತವೆ, ಮತ್ತು ಎಲೆಗಳು ಎದುರುಬದುರು ಬರುವುದಿಲ್ಲ.

ಇನ್ನು ಕೊಯ್ಯುವ ಸಮಯ. ಎರಡು ದಿನ ಮಳೆ ಇಲ್ಲದೆ, ಬಿಸಿಲು ಬಿದ್ದು ಇಬ್ಬನಿ ಆರಿದ ಬೆಳಿಗ್ಗೆ ಹೋಗಿ. ಪರಿಮಳದ ಒಂದು ಪಾಲು ಆ ಹಳದಿ ಪರಾಗದಲ್ಲಿದೆ. ಅದಕ್ಕೇ ತೊಳೆಯಬಾರದು, ತೊಳೆದರೆ ಪರಾಗ ನೀರಿನ ಜೊತೆ ಹೋಯಿತು. ಗೊಂಚಲನ್ನು ಮೆಲ್ಲಗೆ ಕೊಡವಿ, ಬಿಳಿ ಬಟ್ಟೆಯ ಮೇಲೆ ಹರಡಿ ಅರ್ಧ ಗಂಟೆ ಬಿಡಿ, ಹುಳ ತಾವಾಗಿ ಹರಿದು ಹೋಗುತ್ತವೆ. ಪ್ರತಿ ಗಿಡದ ಹೂವನ್ನೂ ಮೂಸಿ ನೋಡಿ, ಏಕೆಂದರೆ ಗಿಡದಿಂದ ಗಿಡಕ್ಕೆ ವಾಸನೆ ಬೇರೆ. ಒಂದು ಘಮ್ ಅನ್ನುತ್ತದೆ, ಪಕ್ಕದ್ದು ಸಪ್ಪೆ. ಅಂಚು ಕಂದಾದ ಹಳೆಯ ಹೂವಿಗೆ ಬೆಕ್ಕಿನ ಮೂತ್ರದ ವಾಸನೆ ಬರುತ್ತದೆ, ಅಂಥ ಒಂದು ಗೊಂಚಲು ಸೇರಿದರೂ ಸಾಕು, ಕೆಡುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬುಟ್ಟಿ ಒಯ್ಯಿರಿ. ಮನೆಗೆ ಬಂದ ತಕ್ಷಣ ಉಪಯೋಗಿಸಿ, ನಾಳೆಗೆ ಇಡಬೇಡಿ.

ತೊಟ್ಟು ಬಿಡಿಸಿ ಅಂತ ಮೇಲಿನವರು ಹೇಳಿದ್ದು ರುಚಿಗೆ ಮಾತ್ರ ಅಲ್ಲ. ಎಲ್ಡರ್‌ನ ಎಲೆ, ಕಡ್ಡಿ, ತೊಗಟೆ, ಕಾಯಿ ಇವುಗಳಲ್ಲಿ ಸಯನೈಡ್ ಬಿಡುವ ಅಂಶ ಇದೆ, ಹೊಟ್ಟೆ ಕೆಡಿಸುತ್ತದೆ. ಹೂವಿನ ಜೊತೆ ನೂಲಿನಷ್ಟು ತೆಳು ತೊಟ್ಟು ಒಂದೆರಡು ಬಂದರೆ ಪರವಾಗಿಲ್ಲ, ದಪ್ಪ ಹಸಿರು ಕಡ್ಡಿ ಮಾತ್ರ ಒಂದೂ ಇರಬಾರದು.

ಕಾನೂನು: ಇಂಗ್ಲೆಂಡ್, ವೇಲ್ಸ್‌ನಲ್ಲಿ 1968ರ ಥೆಫ್ಟ್ ಆಕ್ಟ್ ಪ್ರಕಾರ ತಾನಾಗಿ ಬೆಳೆದ ಗಿಡದ ಹೂ, ಹಣ್ಣು, ಎಲೆಯನ್ನು ಸ್ವಂತಕ್ಕೆ ಕೊಯ್ದರೆ ಕಳ್ಳತನ ಅಲ್ಲ, ಮಾರುವುದಕ್ಕೆ ಕೊಯ್ದರೆ ಆಗುತ್ತದೆ. ಗಿಡ ಬೇರುಸಹಿತ ಕೀಳುವುದಕ್ಕೆ ಜಾಗದವರ ಒಪ್ಪಿಗೆ ಬೇಕು, ಅದು 1981ರ ಬೇರೆ ಕಾಯ್ದೆ. ಕೆಲವು ಪಾರ್ಕ್, ರಕ್ಷಿತ ಜಾಗಗಳಿಗೆ ತಮ್ಮದೇ ನಿಯಮ ಇರುತ್ತದೆ, ಬೋರ್ಡ್ ಓದಿ. ಒಂದೇ ಗಿಡ ಬೋಳಿಸಬೇಡಿ. ಈ ಹೂವೇ ಮುಂದೆ ಹಣ್ಣಾಗುವುದು, ಹಕ್ಕಿಗಳಿಗೆ ಅದು ಬೇಕು. ನಾಯಿ ಓಡಾಡುವ ಎತ್ತರದ ಗೊಂಚಲು, ವಾಹನಗಳ ಹೊಗೆ ಕುಡಿಯುವ ರಸ್ತೆ ಬದಿಯದು ಬಿಟ್ಟುಬಿಡಿ.

ಕೊಡಚಾದ್ರಿ (ಎಡಿನ್‌ಬರೋ)

ಬ್ರಿಸ್ಟಲ್‌ನವರು ಎಲ್ಡರ್ ಬಗ್ಗೆ ಹೇಳಿದ್ದು ಸರಿ. ಆದರೆ ಅದನ್ನೇ ಎಲ್ಲ ಹೂವಿಗೂ ಹಿಡಿದುಕೊಳ್ಳಬೇಡಿ ಮಾರಾಯ್ರೆ. ನಾನು ಇಲ್ಲಿ ಹೆದರ್ ಹೂವಿನಿಂದ ಮಾಡುತ್ತೇನೆ, ಅದರ ಲೆಕ್ಕವೇ ಬೇರೆ.

ಹೆದರ್ ಸ್ಕಾಟ್ಲೆಂಡ್ ಗುಡ್ಡಗಳ ಮೇಲೆ ಮೊಣಕಾಲೆತ್ತರಕ್ಕೆ ಬೆಳೆಯುವ ಗಿಡ. ಆಗಸ್ಟ್ ಬಂತು ಅಂದರೆ ಗುಡ್ಡಕ್ಕೆ ಗುಡ್ಡವೇ ನೇರಳೆ. ಅದರ ವಾಸನೆ ಎಲ್ಡರ್ ಹಾಗೆ ಬುಗ್ಗೆಂದು ಬರುವುದಿಲ್ಲ. ಜೇನಿನ ತರಹದ, ಸ್ವಲ್ಪ ಮಣ್ಣಿನ ತರಹದ ವಾಸನೆ, ಹೂವಿನ ಒಳಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹೊರಗೆ ತರುವುದಕ್ಕೆ ಬಿಸಿ ಬೇಕು. ಸ್ಕಾಟ್ಲೆಂಡಿನ ಅಲೋವಾ ಊರಿನ ಬಿಯರ್ ತಯಾರಕರು ವಿಲಿಯಮ್ಸ್ ಬ್ರದರ್ಸ್ ಅವರ 'ಫ್ರೂಕ್' ಬಿಯರ್ ಕುಡಿದಿದ್ದೀರಾ? 1990ರ ದಶಕದಿಂದ ಮಾರುಕಟ್ಟೆಯಲ್ಲಿದೆ. ಅವರು ಕುದಿಯುವ ವರ್ಟ್‌ಗೆ ಹೆದರ್ ಮತ್ತು ಸ್ವೀಟ್ ಗೇಲ್ ಅನ್ನುವ ಪರಿಮಳದ ಪೊದೆಯ ಎಲೆ ಹಾಕುತ್ತಾರೆ, ಆಮೇಲೆ ಅದನ್ನು ಸ್ವಲ್ಪ ಆರಿಸಿ, ಇನ್ನೂ ಬಿಸಿ ಇರುವಾಗಲೇ ತಾಜಾ ಹೆದರ್ ಹೂವಿನ ಮೇಲೆ ಸುರಿದು ನೆನೆಯಲು ಬಿಡುತ್ತಾರೆ. ಯೀಸ್ಟ್ ಹಾಕುವುದು ಅದಾದ ಮೇಲೆ. ಅಂದರೆ ಹೂವೆಲ್ಲ ಮೊದಲೇ ಮುಗಿಯಿತು. ಆದರೂ ಗ್ಲಾಸಿಗೆ ಬಂದಾಗ ಹೂವಿನ ರುಚಿ ಇರುತ್ತದೆ.

ನಿಮಗೆ ಸಿಕ್ಕ ಎರಡು ವಿಧಾನ ಎರಡು ಬೇರೆ ಬಗೆಯ ಹೂವಿಗೆ ಹುಟ್ಟಿದವು, ಆಮೇಲೆ ಯಾರೋ ಕಲಸಿದ್ದಾರೆ ಅಂತ ನನಗನ್ನಿಸುತ್ತದೆ. ಹೂವನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಉಜ್ಜುವ ಮುಂಚೆಯೇ ಮೂಗಿಗೆ ಬಡಿಯುವ ಹೂವಾದರೆ ಕೊನೆಗೆ ಹಾಕಬೇಕು. ಉಜ್ಜಿದ ಮೇಲಷ್ಟೇ ವಾಸನೆ ಬಿಡುವ, ಸ್ವಲ್ಪ ಕಹಿ ಇರುವ ಹೂವು, ಸೊಪ್ಪಾದರೆ ಬಿಸಿಗೆ ಹಾಕಬೇಕು. 'ಯಾರೋ' (yarrow) ಅನ್ನುವ ಸೊಪ್ಪಿನ ಗಿಡ, ಸ್ವೀಟ್ ಗೇಲ್ ಇವೆಲ್ಲ ಎರಡನೆಯ ಗುಂಪು. ಯುರೋಪಿನಲ್ಲಿ ಹಾಪ್ಸ್ ಎಲ್ಲ ಕಡೆ ಬಳಕೆಗೆ ಬರುವ ಮುಂಚೆ ಬಿಯರ್‌ಗೆ ಹಾಕುತ್ತಿದ್ದದ್ದು ಇಂಥ ಗಿಡಗಳನ್ನೇ, ಗ್ರೂಟ್ ಅನ್ನುತ್ತಿದ್ದರು. ಇಂಗ್ಲೆಂಡಿಗೆ ಹಾಪ್ಸ್ ಹಾಕಿದ ಬಿಯರ್ ಗಟ್ಟಿಯಾಗಿ ಕಾಲಿಟ್ಟಿದ್ದೇ 15ನೇ ಶತಮಾನದಲ್ಲಿ, ಸಮುದ್ರದ ಆಚೆಯಿಂದ. ಬವೇರಿಯಾದಲ್ಲಿ 1516ರಲ್ಲಿ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಕಾನೂನೇ ಬಂತು. ಹೂವು ಸೊಪ್ಪಿನ ಬಿಯರ್ ಅಂದರೆ ಏನೋ ಹೊಸ ಶೋಕಿ ಅಂತ ನಮ್ಮವರು ಕೆಲವರು ಮೂಗು ಮುರಿಯುತ್ತಾರೆ, ಅದಕ್ಕೆ ಇಷ್ಟು ಹೇಳಿದೆ. ಇದು ಹಾಪ್ಸ್‌ಗಿಂತ ಹಳೆಯದು.

'ಯಾರೋ' ಗಿಡ, ಸ್ವೀಟ್ ಗೇಲ್ ಎರಡರಿಂದಲೂ ಗರ್ಭಿಣಿಯರು ದೂರ ಇರಬೇಕು. ಗರ್ಭಿಣಿಯರಿಗೆ ಬಿಯರೇ ಬೇಡ, ಆದರೆ ಈ ಗಿಡಗಳ ಕಷಾಯವೂ ಬೇಡ ಅಂತ ಹೇಳುತ್ತಿದ್ದೇನೆ. ಮೆಡೋಸ್ವೀಟ್ ಅಂತ ಇನ್ನೊಂದು ಒಳ್ಳೆಯ ಹೂ ಇದೆ, ತೇವದ ಜಾಗದಲ್ಲಿ ಜೂನ್ ಕಳೆದ ಮೇಲೆ ಸಿಗುತ್ತದೆ. ಅದರಲ್ಲಿ ಆಸ್ಪಿರಿನ್‌ಗೆ ಹತ್ತಿರದ ಅಂಶ ಇದೆ. ಆಸ್ಪಿರಿನ್ ಒಗ್ಗದವರು ಅದನ್ನು ಮುಟ್ಟಬಾರದು. ಬೇರೆಯವರಿಗೆ ಕುಡಿಯಲು ಕೊಡುವಾಗ ಇದನ್ನು ಮೊದಲೇ ಹೇಳಿ ಕೊಡಿ.

ಲೀಡ್ಸ್‌ನಿಂದ ಹೆದರ್ ಗುಡ್ಡ ದೂರವೇನಿಲ್ಲ, ಇಲ್ಕ್ಲಿ ಮೂರ್ ನಿಮ್ಮ ಪಕ್ಕದಲ್ಲೇ ಇದೆ. ಆಗಸ್ಟ್‌ನಲ್ಲಿ ನೋಡಿ ಬನ್ನಿ, ಕೊಯ್ಯುವ ಮುಂಚೆ ಅಲ್ಲಿನ ನಿಯಮ ವಿಚಾರಿಸಿ. ಆಗಸ್ಟ್ 12ರಿಂದ ಗ್ರೌಸ್ ಹಕ್ಕಿ ಬೇಟೆ ಶುರುವಾಗುತ್ತದೆ. ಬೇಟೆ ನಡೆಯುವ ಗುಡ್ಡಗಳಲ್ಲಿ ಬಂದೂಕಿನವರು ಇರುತ್ತಾರೆ, ಕೇಳಿಕೊಂಡೇ ಹೋಗಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ, ಹೆದರ್ ಪೊದೆಯಲ್ಲಿ ಉಣುಗು ಇರುತ್ತವೆ, ಲೈಮ್ ಕಾಯಿಲೆ ಹರಡುತ್ತವೆ. ಮಂಗನ ಕಾಯಿಲೆ ಕಂಡ ಸಾಗರದ ಕಡೆಯವರಿಗೆ ಉಣುಗಿನ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಹಾಪ್ಸ್_ಪ್ರಿಯ (ಬ್ರಿಸ್ಟಲ್)

ಕೊಡಚಾದ್ರಿ ಅವರ ಮಾತು ಒಪ್ಪಿದೆ. ಅಂಗೈಯಲ್ಲಿ ಉಜ್ಜಿ ನೋಡುವ ಉಪಾಯ ಚೆನ್ನಾಗಿದೆ. ಗೋರ್ಸ್ ಅನ್ನುವ ಮುಳ್ಳುಪೊದೆಯ ಹೂವೂ ಮೊದಲನೆಯ ಗುಂಪಿಗೇ ಸೇರುತ್ತದೆ. ಅದರ ಹಳದಿ ಹೂವಿಗೆ ಬಿಸಿಲು ಬಿದ್ದಾಗ ಥೇಟ್ ಕೊಬ್ಬರಿ ವಾಸನೆ. ಆದರೆ ಅದರಲ್ಲಿ ವಿಷದ ಅಂಶ ಸ್ವಲ್ಪ ಇದೆ, ಜಾಸ್ತಿ ಹಾಕುವ ಹೂವಲ್ಲ. ಹಳದಿ ಹೂವಿನ ಲ್ಯಾಬರ್ನಮ್ ಅಂತೂ ಪೂರಾ ವಿಷ. ಮುಳ್ಳಿಲ್ಲದ ಗಿಡದಿಂದ ಗೋರ್ಸ್ ಅಂತ ಕೊಯ್ಯಲೇಬೇಡಿ.

ಶರಾವತಿ ಅವರೇ, ಒಂದು ಮಾತು ಬಿಟ್ಟಿದ್ದೆ. 100 ಗ್ರಾಂ ಅನ್ನುವುದು ನನ್ನ ಮೂಗಿಗೆ ಹೊಂದಿದ ಅಳತೆ. ನಿಮ್ಮ ಹೂವು ಹೆಚ್ಚು ಘಾಟಾಗಿರಬಹುದು. ಬಿಯರ್‌ಗೆ ಸೇರಿದ ಹೂವನ್ನು ವಾಪಸ್ ತೆಗೆಯಲು ಬರುವುದಿಲ್ಲ, ಹಾಗಾಗಿ ಪೂರ್ತಿ ಸುರಿಯುವ ಮುಂಚೆ ಅಳೆದು ನೋಡಿ. ಒಂದು ಗ್ಲಾಸಿಗೆ 100 ಮಿಲಿ ಬಿಯರ್ ತೆಗೆದುಕೊಳ್ಳಿ, ಔಷಧ ಕೊಡುವ ಸಿರಿಂಜ್‌ನಿಂದ ಕಷಾಯ ಸ್ವಲ್ಪ ಸ್ವಲ್ಪವೇ ಬಿಡುತ್ತಾ ರುಚಿ ನೋಡಿ. 3 ಮಿಲಿಗೆ ಹದವಾಯಿತು ಅಂದರೆ 20 ಲೀಟರ್‌ಗೆ 600 ಮಿಲಿ ಸಾಕು, ಉಳಿದಿದ್ದಕ್ಕೆ ಸಕ್ಕರೆ ನಿಂಬೆಹಣ್ಣು ಹಿಂಡಿ ಕುಡಿಯಿರಿ. ಗ್ಯಾಸ್ ತುಂಬಿ ತಣ್ಣಗಾದಾಗ ಹೇಗಿರುತ್ತದೆ ಅಂತ ಊಹೆಯಲ್ಲೇ ಹೋಗಬೇಕಾಗುತ್ತದೆ, ಅದಕ್ಕೆ ಗ್ಲಾಸನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ಇನ್ನೊಮ್ಮೆ ನೋಡಿ. ನನ್ನ ಮಟ್ಟಿಗೆ, ಮೊದಲ ಗುಟುಕಿನಲ್ಲಿ "ಏನೋ ಹೂವಿದೆಯಲ್ಲ" ಅನ್ನಿಸಬೇಕು, ಅಷ್ಟೇ. ಸಾಬೂನಿನ ಹಾಗೆ ಅನ್ನಿಸಿದರೆ ಮೀರಿತು ಅಂತ ಅರ್ಥ.

ಜಯನಗರ_4ನೇ_ಬ್ಲಾಕ್

ತುಂಬಾ ಒಳ್ಳೆಯ ಚರ್ಚೆ. ನಾವು ಬೆಂಗಳೂರಿನವರು ಏನು ಮಾಡಬಹುದು? ಇಲ್ಲಿ ಎಲ್ಡರ್ ಸಿಗುವುದಿಲ್ಲ, ಆದರೆ ಸಂಪಿಗೆ ಇದೆ, ಮಲ್ಲಿಗೆ ಇದೆ. ನಮ್ಮ ತಾತನ ಊರಲ್ಲಿ ಹಿಪ್ಪೆ ಮರಗಳಿವೆ. ಹಿಪ್ಪೆ ಹೂವಿನಿಂದ ಉತ್ತರದ ಕಡೆ ಹೆಂಡ ಮಾಡುತ್ತಾರೆ ಅಂತ ಕೇಳಿದ್ದೇನೆ. ಬಿಯರ್‌ಗೆ ಹಾಕಬಹುದಾ?

ಬೆಳಗಿನ_ನಡಿಗೆ (ಶೆಫೀಲ್ಡ್)

ಮೊದಲು ಕಾನೂನು ಹೇಳಿಬಿಡುತ್ತೇನೆ. ಇಲ್ಲಿ ಇಂಗ್ಲೆಂಡಿನಲ್ಲಿ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಮೊದಲು ಲೈಸೆನ್ಸ್ ಬೇಕಿತ್ತು, 1963ರಲ್ಲಿ ತೆಗೆದರು. ಈಗ ಮಾರದೆ ಮನೆಮಟ್ಟಿಗೆ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಅದರಲ್ಲಿ ಬಿಯರೂ ಸೇರಿತು. ಮನೆಯಲ್ಲೇ ಕುಡಿಯುತ್ತೇವೆ, ಮಾರುವುದಿಲ್ಲ ಅಂದರೂ ನಡೆಯುವುದಿಲ್ಲ. ಹಾಗಾಗಿ ಬಿಯರ್ ಮಾಡಿ ಅಂತ ನಾನು ಹೇಳುವುದಿಲ್ಲ.

ಹಿಪ್ಪೆ ಬಗ್ಗೆ ಕೇಳಿದ್ದು ಖುಷಿಯಾಯಿತು. ಆದರೆ ಹಿಪ್ಪೆಗೂ ಎಲ್ಡರ್‌ಗೂ ತುಂಬಾ ವ್ಯತ್ಯಾಸ ಇದೆ. ಎಲ್ಡರ್ ಪರಿಮಳಕ್ಕೆ ಮಾತ್ರ. ಹಿಪ್ಪೆ ಹೂವು ದಪ್ಪ, ರಸಭರಿತ, ಒಣಗಿಸಿದರೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಯೀಸ್ಟ್‌ಗೆ ಊಟವೇ ಆ ಹೂವು, ಮಾಲ್ಟ್ ಬೇಕಾಗುವುದಿಲ್ಲ. ಛತ್ತೀಸ್‌ಗಢ, ಮಧ್ಯಪ್ರದೇಶ, ಒಡಿಶಾದ ಆದಿವಾಸಿಗಳು ಬೇಸಿಗೆಯಲ್ಲಿ ರಾತ್ರಿ ಉದುರಿದ ಹೂವನ್ನು ಬೆಳಗಿನ ಜಾವ ಆರಿಸಿ ಒಣಗಿಸಿಟ್ಟು, ನೆನೆಸಿ, ಹುಳಿ ಬಂದ ಮೇಲೆ ಭಟ್ಟಿ ಇಳಿಸುತ್ತಾರೆ. ಅದು ಅವರ ಊಟ, ಹಬ್ಬ, ದೇವರು ಎಲ್ಲದರ ಜೊತೆ ಸೇರಿಕೊಂಡಿರುವ ಮರ. ಹೂವನ್ನು ಹಾಗೇ ತಿನ್ನುತ್ತಾರೆ, ಹಿಟ್ಟಿಗೆ ಕಲಸುತ್ತಾರೆ. ನಿಮ್ಮ ತಾತನ ಊರಲ್ಲಿ ಮರ ಇದ್ದರೆ ಒಣಗಿಸಿದ ಹೂವನ್ನು ಪಾಯಸಕ್ಕೆ ಹಾಕಿ ನೋಡಿ.

ನೀವು ಮನೆಯಲ್ಲಿ ಮಾಡಬಹುದಾದ್ದು ಶರಬತ್ತು. ಇದೇ 80 ಡಿಗ್ರಿ ಕಷಾಯದ ಲೆಕ್ಕ ಅಲ್ಲೂ ಸರಿಹೋಗುತ್ತದೆ. ಕೆಂಪು ದಾಸವಾಳದ ದಳ ಬಿಸಿ ನೀರಿಗೆ ಹಾಕಿ ಮುಚ್ಚಿಟ್ಟು, ಸೋಸಿ, ಬೆಲ್ಲ ಅಥವಾ ಸಕ್ಕರೆ ಸೇರಿಸಿ, ಕುಡಿಯುವ ಹೊತ್ತಿಗೆ ನಿಂಬೆರಸ ಹಿಂಡಿ. ಮಂಕಾಗಿದ್ದ ಬಣ್ಣ ಕಣ್ಣೆದುರೇ ಕೆಂಪಾಗುತ್ತದೆ. ಮನೆಯ ಗಿಡದ ಹೂವೇ ಆಗಬೇಕು. ಮಾರ್ಕೆಟ್ ಹೂವು ಬೇಡವೇ ಬೇಡ, ಅದು ಮುಡಿಯುವುದಕ್ಕೆ, ಪೂಜೆಗೆ ಬೆಳೆದದ್ದು, ತಿನ್ನುವುದಕ್ಕೆ ಅಂತ ಯಾರೂ ಔಷಧಿ ಸಿಂಪಡಿಸುವುದನ್ನು ನಿಲ್ಲಿಸಿರುವುದಿಲ್ಲ. ಕಣಗಿಲೆ, ಉಮ್ಮತ್ತಿ ವಿಷ ಅಂತ ದೊಡ್ಡವರಿಗೆ ಗೊತ್ತು. ಮಕ್ಕಳ ಕೈಲಿ ಹೂ ಕೊಯ್ಯಿಸುವವರು ಅವರಿಗೂ ತೋರಿಸಿ ಹೇಳಿಕೊಡಿ.

ಶರಾವತಿ_ಲೀಡ್ಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಇವತ್ತು ಸಂಜೆ ಕಾಲುವೆ ಕಡೆ ಹೋಗಿ ಗಿಡಗಳನ್ನು ನೋಡಿ ಬಂದೆ. ತೊಗಟೆ, ಎದುರುಬದುರು ಎಲೆ ಎಲ್ಲ ಹೊಂದುತ್ತಿದೆ. ಒಂದು ಕಡೆ ಎಲ್ಡರ್ ಪಕ್ಕದಲ್ಲೇ ನೇರಳೆ ಕಲೆಯ ಕಾಂಡ ಇತ್ತು, ಆ ಜಾಗವನ್ನೇ ಬಿಟ್ಟುಬಿಡುತ್ತೇನೆ.

ಯೋಚನೆ ಹೀಗಿದೆ. ಬಿಯರ್ ಮೊದಲೇ ಶುರು ಮಾಡಿಡುತ್ತೇನೆ, ಯೀಸ್ಟ್ ಮುಗಿಸುವ ಹೊತ್ತಿಗೆ ಹೂ ಅರಳಿರುತ್ತದೆ. 15 ಲೀಟರ್‌ಗೆ ಕಷಾಯ. ಉಳಿದ 5 ಲೀಟರ್ ಗಾಜಿನ ಜಾಡಿಗೆ ತೆಗೆದು ಹಸಿ ಹೂ ಹಾಕಿ ನೋಡುವ ಆಸೆ ಇದೆ, ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ ಅಲ್ವಾ? ಬಾಟಲಿ ತುಂಬುವ ವಿಷಯದಲ್ಲಿ ಮಾತ್ರ ಇನ್ನೂ ಭಯ. ಎಲ್ಡರ್‌ಫ್ಲವರ್ ಶಾಂಪೇನ್ (ಹೂವು, ಸಕ್ಕರೆ ನೀರಿನಿಂದ ಮನೆಯಲ್ಲಿ ಮಾಡುವ ಗ್ಯಾಸ್ ತುಂಬಿದ ಪಾನೀಯ) ಬಾಟಲಿ ಸಿಡಿದ ಕಥೆಗಳನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ.

ಹಾಪ್ಸ್_ಪ್ರಿಯ (ಬ್ರಿಸ್ಟಲ್)

ಹಾಗೇ ಮಾಡಿ. 5 ಲೀಟರ್‌ಗೆ ಹಸಿ ಹೂ 20 ಗ್ರಾಂ ಮೀರದಿರಲಿ. ಎರಡು ದಿನ ಸಾಕು, ಮೂರನೇ ದಿನಕ್ಕೆ ಒಗರು ಇಳಿಯಲು ಶುರುವಾಗುತ್ತದೆ. ಜಾಡಿ ಕತ್ತಿನವರೆಗೂ ತುಂಬಿರಲಿ, ಮೇಲೆ ಗಾಳಿಗೆ ಜಾಗ ಇರಬಾರದು.

ಸಿಡಿಯುವ ಕಥೆಗಳು ಸುಳ್ಳಲ್ಲ. ಆ ಶಾಂಪೇನ್‌ಗೆ ಯೀಸ್ಟ್ ಹಾಕದೆ ಹೂವಿನ ಮೇಲಿನ ಕಾಡು ಯೀಸ್ಟ್‌ನಿಂದಲೇ ಮಾಡುವವರು ಬಹಳ ಜನ, ಸಕ್ಕರೆ ಪೂರ್ತಿ ಮುಗಿಯುವ ಮುಂಚೆಯೇ ಬಾಟಲಿಗೆ ತುಂಬುತ್ತಾರೆ. ಒಳಗೆ ಯೀಸ್ಟ್ ಕೆಲಸ ನಿಲ್ಲುವುದಿಲ್ಲ, ಗ್ಯಾಸ್‌ಗೆ ಹೋಗಲು ದಾರಿ ಇಲ್ಲ. ನೀವು ಹೈಡ್ರೋಮೀಟರ್ ನಂಬಿ. ಹೂವು ಹಾಕಿದ ಮೇಲೆ, ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಒಂದೇ ಅಂಕಿ ಬಂದರೆ ಮಾತ್ರ ಬಾಟಲಿ. ಹೂ ಹಾಕುವ ಮುಂಚಿನ ಅಂಕಿ ಲೆಕ್ಕಕ್ಕಿಲ್ಲ. ಸಕ್ಕರೆ ಲೀಟರ್‌ಗೆ 6 ಗ್ರಾಂ, ಅಂದರೆ ನಿಮ್ಮ 15 ಲೀಟರ್‌ಗೆ 90, ಜಾಡಿಯದಕ್ಕೆ 30. ಚಮಚದ ಅಂದಾಜು ಬೇಡ, ತೂಕ ಮಾಡಿ ಸ್ವಲ್ಪ ನೀರಲ್ಲಿ ಕುದಿಸಿ ಆರಿಸಿ ಬೆರೆಸಿ.

ಹಸಿ ಹೂವಿನ 5 ಲೀಟರನ್ನು ಗಾಜಿನ ಬಾಟಲಿಗೆ ತುಂಬಲೇಬೇಡಿ. ನಾವು ಹಾಕುವ ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆಯನ್ನೂ ಕೆಲವು ಕಾಡು ಯೀಸ್ಟ್‌ಗಳು ನಿಧಾನಕ್ಕೆ ತಿನ್ನುತ್ತವೆ, ತಿಂಗಳಾದ ಮೇಲೂ ಗ್ಯಾಸ್ ಏರುತ್ತಲೇ ಇರಬಹುದು. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ದಿನಾ ಒಮ್ಮೆ ಒತ್ತಿ ನೋಡಿದರೆ ಒಳಗಿನ ಒತ್ತಡ ಕೈಗೇ ಗೊತ್ತಾಗುತ್ತದೆ, ಕಲ್ಲಾದ ತಕ್ಷಣ ಫ್ರಿಜ್‌ಗೆ. ಕಷಾಯದ್ದನ್ನು ಗಾಜಿಗೆ ತುಂಬಬಹುದು, ಅದರಲ್ಲೂ ಒಂದನ್ನು ಪ್ಲಾಸ್ಟಿಕ್‌ಗೆ ತುಂಬಿಡಿ, ಉಳಿದವು ಹೇಗಿವೆ ಅಂತ ಅದೇ ಹೇಳುತ್ತದೆ.

ಎರಡು ವಾರ 20 ಡಿಗ್ರಿಯಲ್ಲಿಟ್ಟು ಆಮೇಲೆ ತಣ್ಣಗಿಡಿ. ಇದು ಹಳತಾದಷ್ಟೂ ರುಚಿಯಾಗುವ ಬಿಯರ್ ಅಲ್ಲ, ಹೂವಿನ ಪರಿಮಳ ದಿನದಿಂದ ದಿನಕ್ಕೆ ಇಳಿಯುತ್ತದೆ. ಆಗಸ್ಟ್ ಒಳಗೆ ಕುಡಿದು ಮುಗಿಸಿ.

ಕೊಡಚಾದ್ರಿ (ಎಡಿನ್‌ಬರೋ)

ಫರ್ಮೆಂಟರ್ ಖಾಲಿಯಾದರೆ ಆಗಸ್ಟ್‌ನಲ್ಲಿ ಹೆದರ್ ಶುರು ಮಾಡಬಹುದು. 20 ಲೀಟರ್‌ಗೆ ಎರಡು ಲೀಟರ್ ಪಾತ್ರೆ ತುಂಬುವಷ್ಟು ಹೂವಿನ ತುದಿ ಬೇಕು, ಕಟ್ಟಿಗೆಯಾದ ಬುಡದ ಭಾಗ ಬೇಡ. ಎಲ್ಲಿ ಕೊಯ್ಯಬಹುದು ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ.